ಕೈಗೆಟಕುವಷ್ಟು ಹತ್ತಿರದ ಘೇಂಡಾಮೃಗ: ಓಲ್ ಪೆಜೆಟಾದಲ್ಲಿ ಚಿತ್ರ ತೆಗೆಯುವ ಬಗೆ

ಕಬಿನಿ, ಬಂಡೀಪುರಗಳ ಸಫಾರಿಯಲ್ಲಿ ಕ್ಯಾಮೆರಾ ಹಿಡಿದು ಪಳಗಿದವರಿಗೆ ದೂರದ ಪ್ರಾಣಿಯನ್ನು ಹೇಗಾದರೂ ಮಾಡಿ ಚೌಕಟ್ಟಿನೊಳಕ್ಕೆ ಎಳೆದುಕೊಳ್ಳುವ ಚಟ ಅಂಟಿಕೊಂಡಿರುತ್ತದೆ. ಲಂಟಾನದ ಮೆಳೆಯ ಹಿಂದೆ ಕ್ಷಣಮಾತ್ರ ಕಂಡು ಮರೆಯಾಗುವ ಹುಲಿಗಾಗಿ 600 ಮಿ.ಮೀ. ಲೆನ್ಸ್ ಹೊತ್ತು ತಿರುಗುತ್ತಿದ್ದ ನಾನು ಅದೇ ಲೆನ್ಸನ್ನು ಕೀನ್ಯಾಕ್ಕೂ ಹೊತ್ತುಕೊಂಡು ಹೋಗಿದ್ದೆ. ಓಲ್ ಪೆಜೆಟಾ ವನ್ಯಜೀವಿ ಧಾಮದ ಮರದ ಅಟ್ಟಣೆಯ ಮೇಲೆ ನಿಂತಿದ್ದಾಗ, ಎರಡೂ ಕಣ್ಣು ಕಳೆದುಕೊಂಡ ಕಪ್ಪು ಘೇಂಡಾಮೃಗವೊಂದು ತನ್ನನ್ನು ನೋಡಿಕೊಳ್ಳುವ ಕೀಪರ್‌ನ ದನಿಯ ಜಾಡು ಹಿಡಿದು ನಡೆದು ಬಂದು ನನ್ನ ಮೊಣಕಾಲಿನ ಹತ್ತಿರಕ್ಕೆ ಮೂತಿ ಚಾಚಿತು. ಲೆನ್ಸ್ ಫೋಕಸ್ ಆಗಲು ಬೇಕಾದ ಕನಿಷ್ಠ ದೂರಕ್ಕಿಂತಲೂ ಪ್ರಾಣಿ ಹತ್ತಿರವಿದ್ದುದರಿಂದ, ಆ ದಿನದ ಮೊದಲ ಹತ್ತು ನಿಮಿಷ ನಾನು ಒಂದೂ ಚಿತ್ರ ತೆಗೆಯಲಾಗದೆ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದೆ.

ರಕ್ಷಿಸಿ ಕಾಪಾಡಿಕೊಂಡು ಬಂದ ಘೇಂಡಾಮೃಗದ ಚಿತ್ರ ತೆಗೆಯುವಾಗ ಎದುರಾಗುವ ತೊಡಕುಗಳೆಲ್ಲ ಈ ಹತ್ತಿರದಿಂದಲೇ ಹುಟ್ಟುತ್ತವೆ. ಲೆನ್ಸಿನ ಆಯ್ಕೆ, ಫೋಕಸ್ಸಿನ ಆಳ, ಪ್ರಾಣಿಯ ಕಿವಿಗೆ ಬೀಳುವ ನಮ್ಮ ಸದ್ದು, ಕೊನೆಗೆ ಚಿತ್ರದ ಕೆಳಗೆ ಬರೆಯುವ ಎರಡು ಸಾಲು ಇವೆಲ್ಲವನ್ನೂ ಆ ಹತ್ತಿರವನ್ನು ಗಮನದಲ್ಲಿಟ್ಟುಕೊಂಡೇ ನಿರ್ಧರಿಸಬೇಕಾಗುತ್ತದೆ. ಈ ಬರಹ ಆ ಒಂದು ಧಾಮವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದೆ. ಇಲ್ಲಿ ಹೇಳಿದ್ದರಲ್ಲಿ ಬಹುಪಾಲು ಆಫ್ರಿಕಾದ ಬೇರೆ ಧಾಮಗಳಿಗೂ ಒಪ್ಪುತ್ತದೆ.

ಯಾವ ಪ್ರಾಣಿಯ ಎದುರು ನಿಂತಿದ್ದೀರಿ ಎಂಬುದು ಮೊದಲು ತಿಳಿದಿರಲಿ

ಓಲ್ ಪೆಜೆಟಾ ಇರುವುದು ಕೀನ್ಯಾದ ಲೈಕಿಪಿಯಾ ಪ್ರಸ್ಥಭೂಮಿಯಲ್ಲಿ, ಭೂಮಧ್ಯರೇಖೆಯ ಮೇಲೆಯೇ ಇರುವ ನನ್ಯುಕಿ ಪಟ್ಟಣದ ಪಕ್ಕದಲ್ಲಿ. ನೈರೋಬಿಯಿಂದ ಉತ್ತರಕ್ಕೆ ಸುಮಾರು 200 ಕಿ.ಮೀ. ರಸ್ತೆ ಪ್ರಯಾಣ. ಧಾಮದ ವಿಸ್ತಾರ ಸುಮಾರು 90,000 ಎಕರೆ. ಅದರಲ್ಲಿ ನೂರಕ್ಕೂ ಹೆಚ್ಚು ಕಪ್ಪು ಘೇಂಡಾಮೃಗಗಳು ಸ್ವತಂತ್ರವಾಗಿ ಅಡ್ಡಾಡಿಕೊಂಡಿವೆ. ಪೂರ್ವ ಆಫ್ರಿಕಾದಲ್ಲಿ ಕಪ್ಪು ಘೇಂಡಾಮೃಗಗಳ ಅತಿ ದೊಡ್ಡ ಆಶ್ರಯತಾಣ ಎಂಬ ಹೆಸರು ಇದಕ್ಕಿದೆ. ಈ ಸ್ವತಂತ್ರ ಪ್ರಾಣಿಗಳನ್ನು ಜೀಪಿನಿಂದ, ದೂರದಿಂದ, ನಿಮ್ಮ ಹಳೆಯ ಅಭ್ಯಾಸದಂತೆಯೇ ಚಿತ್ರಿಸಬಹುದು. ಉದ್ದ ಲೆನ್ಸಿಗೆ ಕೆಲಸ ಸಿಗುವುದು ಅಲ್ಲಿ ಮಾತ್ರ.

ಹತ್ತಿರದಿಂದ ಕಾಣಸಿಗುವವು ಬೇರೆ. ಮೊದಲನೆಯದು ನಾನು ಅಟ್ಟಣೆಯ ಮೇಲಿಂದ ಕಂಡ ಬರಾಕಾ. ಸ್ವಾಹಿಲಿಯಲ್ಲಿ ಆ ಹೆಸರಿಗೆ ಆಶೀರ್ವಾದ ಎಂದು ಅರ್ಥ. ಇನ್ನೊಂದು ಘೇಂಡಾಮೃಗದೊಡನೆ ನಡೆದ ಕಾದಾಟದಲ್ಲಿ ಅದರ ಒಂದು ಕಣ್ಣು ಹೋಯಿತು, ಮತ್ತೊಂದು ಕಾಯಿಲೆಯಿಂದ ಹೋಯಿತು. ಕುರುಡು ಪ್ರಾಣಿ ಬಯಲಿನಲ್ಲಿ ಬದುಕುವುದು ಸಾಧ್ಯವಿಲ್ಲವೆಂದು ಅದನ್ನು 100 ಎಕರೆಯ ಪ್ರತ್ಯೇಕ ಆವರಣಕ್ಕೆ ತಂದು ನೋಡಿಕೊಳ್ಳಲಾಯಿತು, ಸಂದರ್ಶಕರು ಮೇವು ಕೊಡಲು ಪಕ್ಕದಲ್ಲಿ ಅಟ್ಟಣೆ ಕಟ್ಟಲಾಯಿತು.

ಇನ್ನುಳಿದವು ನಜಿನ್ ಮತ್ತು ಫಾಟು ಎಂಬ ತಾಯಿ ಮಗಳು. ಜಗತ್ತಿನಲ್ಲಿ ಉಳಿದಿರುವ ಉತ್ತರದ ಬಿಳಿ ಘೇಂಡಾಮೃಗಗಳು ಇವೆರಡೇ. 1989ರಲ್ಲಿ ಹುಟ್ಟಿದ ನಜಿನ್, 2000ದಲ್ಲಿ ಹುಟ್ಟಿದ ಫಾಟು ಎರಡೂ ಚೆಕ್ ಗಣರಾಜ್ಯದ ಮೃಗಾಲಯವೊಂದರಲ್ಲಿ ಬೆಳೆದವು. ತವರು ನೆಲದ ಹವೆ ಮತ್ತು ಹುಲ್ಲು ಸಿಕ್ಕರೆ ಮರಿ ಹಾಕಿಯಾವು ಎಂಬ ನಿರೀಕ್ಷೆಯಿಂದ 2009ರ ಡಿಸೆಂಬರಿನಲ್ಲಿ ಅವನ್ನೂ ಸುನಿ, ಸುಡಾನ್ ಎಂಬ ಎರಡು ಗಂಡುಗಳನ್ನೂ ವಿಮಾನದಲ್ಲಿ ಇಲ್ಲಿಗೆ ತಂದರು. ಸುನಿ 2014ರಲ್ಲಿ ಸತ್ತಿತು. 45 ವರ್ಷದ ಸುಡಾನ್ 2018ರ ಮಾರ್ಚ್ 19ರಂದು ಸತ್ತಿತು. ಹೆಣ್ಣುಗಳೆರಡಕ್ಕೂ ತಾವಾಗಿ ಗರ್ಭ ಹೊರುವ ಸ್ಥಿತಿಯಿಲ್ಲದ್ದರಿಂದ, 2019ರಿಂದ ವಿಜ್ಞಾನಿಗಳು ಅಂಡಾಣು ತೆಗೆದು ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವ ಕೆಲಸದಲ್ಲಿ ತೊಡಗಿದ್ದಾರೆ. ಇವುಗಳ ಆವರಣ ಸುಮಾರು 700 ಎಕರೆಯದು. ಅಲ್ಲಿಗೆ ಪ್ರತ್ಯೇಕ ಶುಲ್ಕ ಕಟ್ಟಿ, ಕೀಪರ್ ಜೊತೆಯಲ್ಲಿ, ವಾಹನದಲ್ಲಿ ಹೋಗಬೇಕು.

ಇಷ್ಟೆಲ್ಲ ಹಿನ್ನೆಲೆ ತಿಳಿದು ಚಿತ್ರಕ್ಕೆ ಏನು ಬಂತು ಎಂದು ಕೇಳುವವರಿದ್ದಾರೆ. ಕಪ್ಪು ಘೇಂಡಾಮೃಗ ಗಿಡದ ಚಿಗುರನ್ನು ಕಿತ್ತು ತಿನ್ನುವ ಪ್ರಾಣಿ. ಅದರ ಮೇಲ್ದುಟಿ ಚೂಪಾಗಿ, ಬೆರಳಿನಂತೆ ಬಾಗಿ ರೆಂಬೆಯನ್ನು ಹಿಡಿಯುತ್ತದೆ. ಬಿಳಿ ಘೇಂಡಾಮೃಗ ಹುಲ್ಲು ಮೇಯುವ ಪ್ರಾಣಿ. ಅದರ ತುಟಿ ಅಗಲ, ತಲೆ ಸದಾ ನೆಲದ ಮೇಲೆ. ಮೊದಲನೆಯದರಲ್ಲಿ ನೀವು ಕಾಯಬೇಕಾದದ್ದು ತುಟಿಯ ಚಲನೆಗೆ, ಎರಡನೆಯದರಲ್ಲಿ ತಲೆ ಎತ್ತುವ ಗಳಿಗೆಗೆ. ಇದು ತಿಳಿಯದೆ ಹೋದವರು ಫಾಟುವಿನ ಬೆನ್ನು ಮತ್ತು ಹುಲ್ಲಿನೊಳಗೆ ಹೂತ ಮುಖದ ಇನ್ನೂರು ಚಿತ್ರಗಳೊಂದಿಗೆ ಹಿಂದಿರುಗುತ್ತಾರೆ.

ಹೊರಡುವ ಮುಂಚಿನ ನಾಲ್ಕು ಮಾತು

ಪ್ರಯಾಣದ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೀನ್ಯಾಕ್ಕೆ ಹೋಗುವವರು ಆನ್‌ಲೈನಿನಲ್ಲಿ ಪ್ರಯಾಣದ ಅನುಮತಿ ಪಡೆಯಬೇಕು. ಅಲ್ಲಿಂದ ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ, ಮತ್ತು ಚುಚ್ಚಿಸಿಕೊಂಡ 10 ದಿನಗಳ ನಂತರವಷ್ಟೇ ಅದಕ್ಕೆ ಮಾನ್ಯತೆ. ಹೊರಡುವ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಕೈಚೀಲಗಳನ್ನು ಕೀನ್ಯಾ 2017ರಲ್ಲೇ ನಿಷೇಧಿಸಿರುವುದರಿಂದ ಲೆನ್ಸುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗುವ ನಮ್ಮ ರೂಢಿಯನ್ನು ಬಿಟ್ಟು ಬಟ್ಟೆಯ ಚೀಲ ಹೊಲಿಸಿಕೊಳ್ಳಿ. ಡ್ರೋನ್ ಮನೆಯಲ್ಲೇ ಇರಲಿ. ಮುಂಚಿತ ಪರವಾನಗಿಯಿಲ್ಲದೆ ಅದನ್ನು ದೇಶದೊಳಗೆ ತರುವುದೂ ಹಾರಿಸುವುದೂ ತೊಂದರೆಗೆ ದಾರಿ. ಪರವಾನಗಿ ಸಿಕ್ಕರೂ ಅದರ ಗುಂಯ್‌ಗುಡುವ ಸದ್ದು ಈ ಪ್ರಾಣಿಗಳಿಗೆ ಹಿತವಲ್ಲ.

ಹವೆಯ ವಿಷಯದಲ್ಲಿ ಎಚ್ಚರವಿರಲಿ. ಭೂಮಧ್ಯರೇಖೆಯೆಂದರೆ ಬೆವರು ಎಂದುಕೊಂಡು ಹೋದವರು ಬೆಳಿಗ್ಗೆ ನಡುಗುತ್ತಾರೆ. ಧಾಮ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಮಾರ್ಚಿಯಿಂದ ಮೇವರೆಗೆ ದೊಡ್ಡ ಮಳೆ, ವರ್ಷದ ಕೊನೆಯಲ್ಲಿ ಚಿಕ್ಕ ಮಳೆ. ಧಾಮದ ಬಹುಭಾಗದ ನೆಲ ನಮ್ಮ ಬಯಲುಸೀಮೆಯ ಎರೆಮಣ್ಣಿನ ಹಾಗೆಯೇ ಇದ್ದು, ನೆನೆದಾಗ ಜೀಪಿನ ಗಾಲಿಯನ್ನು ನುಂಗುತ್ತದೆ, ಒಣಗಿದಾಗ ನುಣ್ಣನೆಯ ದೂಳಾಗಿ ಏಳುತ್ತದೆ. ಆದ್ದರಿಂದ ಬಯಲಿನಲ್ಲಿ ಲೆನ್ಸ್ ಬದಲಾಯಿಸುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳಿ. 24-105 ಮಿ.ಮೀ. ಅಥವಾ 24-70 ಮಿ.ಮೀ. ಜೂಮ್ ಒಂದು ಕ್ಯಾಮೆರಾಕ್ಕೆ, 70-200 ಅಥವಾ 100-400 ಮಿ.ಮೀ. ಇನ್ನೊಂದಕ್ಕೆ ಹಾಕಿಕೊಂಡರೆ ಬೇರೇನೂ ಬೇಡ. ಎರಡನೆಯ ಕ್ಯಾಮೆರಾ ಇಲ್ಲದವರು ಚಿಕ್ಕ ಜೂಮನ್ನೇ ಹಾಕಿಕೊಂಡು ಆವರಣಕ್ಕೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಟ್ರೈಪಾಡಿನ ಕಾಲುಗಳಿಗೆ ಅಟ್ಟಣೆಯ ಮೇಲೂ ಜೀಪಿನೊಳಗೂ ಜಾಗವಿಲ್ಲ. ಖಾಲಿ ಬಟ್ಟೆಚೀಲವೊಂದನ್ನು ಒಯ್ದು, ಅಲ್ಲಿ ಸಿಗುವ ಅಕ್ಕಿ ಅಥವಾ ಹುರುಳಿಕಾಯಿಬೀಜ ತುಂಬಿಸಿ ಕಿಟಕಿಯ ಮೇಲಿಟ್ಟುಕೊಂಡರೆ ಭಾರದ ಲೆನ್ಸೂ ಅಲುಗಾಡದೆ ನಿಲ್ಲುತ್ತದೆ.

ಬೆಳಕು ಬೇಗ ಬಲಿಯುತ್ತದೆ

ಭೂಮಧ್ಯರೇಖೆಯಲ್ಲಿ ವರ್ಷವಿಡೀ ಸೂರ್ಯ ಬೆಳಿಗ್ಗೆ ಆರೂವರೆಯ ಆಚೀಚೆ ಹುಟ್ಟುತ್ತಾನೆ, ಸಂಜೆ ಆರೂವರೆಯ ಆಚೀಚೆ ಮುಳುಗುತ್ತಾನೆ, ಮತ್ತು ಎರಡೂ ಹೊತ್ತು ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತಾನೆ. ಹೀಗಾಗಿ ಓರೆಯಾದ ಹೊಂಬಿಸಿಲು ಒಂದು ಗಂಟೆಯೂ ನಿಲ್ಲುವುದಿಲ್ಲ. ಎಂಟು ಗಂಟೆಯಾಗುವಷ್ಟರಲ್ಲಿ ಘೇಂಡಾಮೃಗದ ಹುಬ್ಬಿನ ಕೆಳಗೆ, ಕುತ್ತಿಗೆಯ ಮಡಿಕೆಗಳಲ್ಲಿ ಕಪ್ಪು ನೆರಳು ಕೂತುಬಿಡುತ್ತದೆ. ಧಾಮದ ಒಳಗೇ ತಂಗುವವರಿಗೆ ಮೊದಲ ಬೆಳಕು ಸಿಗುತ್ತದೆ. ನನ್ಯುಕಿಯಿಂದ ಬರುವವರು ಸಂಜೆಯ ಹೊತ್ತನ್ನು ನೆಚ್ಚಿಕೊಳ್ಳುವುದು ಒಳ್ಳೆಯದು.

5,199 ಮೀಟರ್ ಎತ್ತರದ ಮೌಂಟ್ ಕೀನ್ಯಾ ಇಲ್ಲಿಂದ ಪೂರ್ವ-ಆಗ್ನೇಯದ ಕಡೆಗೆ ಕಾಣುತ್ತದೆ. ಅದನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಘೇಂಡಾಮೃಗದ ಚಿತ್ರ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಬೆಟ್ಟ ಮೋಡವಿಲ್ಲದೆ ತೋರುವುದು ಸಾಮಾನ್ಯವಾಗಿ ಮುಂಜಾನೆಯಲ್ಲಿ, ಆಗ ಬೆಳಕು ಬೆಟ್ಟದ ಹಿಂದಿನಿಂದ ಬರುತ್ತಿರುತ್ತದೆ. ಬೆಳಕು ಬೆಟ್ಟದ ಮುಖಕ್ಕೆ ಬೀಳುವ ಸಂಜೆಯಲ್ಲಿ ಮೋಡ ಕವಿದಿರುತ್ತದೆ. ಆದ್ದರಿಂದ ಬೆಳಿಗ್ಗೆಯ ಚಿತ್ರವನ್ನು ನೆರಳುಚಿತ್ರವಾಗಿಯೇ ಯೋಜಿಸಿಕೊಳ್ಳಿ. ಎರಡು ಕೊಂಬು ಮತ್ತು ಎರಡು ಕಿವಿ ಬೇರೆಬೇರೆಯಾಗಿ ಕಾಣುವಂತೆ ಪ್ರಾಣಿ ಪಕ್ಕಕ್ಕೆ ತಿರುಗುವವರೆಗೆ ಕಾಯ್ದು, ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾದೊಳಕ್ಕೆ ಬಿಡುವ ಬೆಳಕಿನ ಪ್ರಮಾಣವನ್ನು, ಆಕಾಶಕ್ಕೆ ಹೊಂದಿಸಿ ತೆಗೆದರೆ ಸಾಕು.

ನಡುಮಧ್ಯಾಹ್ನದಲ್ಲಿ ಪ್ರಾಣಿಗಳು ನೆರಳಿನಲ್ಲಿ ಮಲಗಿರುತ್ತವೆ, ಬಯಲಿನ ಮೇಲೆ ಬಿಸಿಗಾಳಿ ನಡುಗುತ್ತಿರುತ್ತದೆ. ಉದ್ದ ಲೆನ್ಸಿನಲ್ಲಿ ತೆಗೆದದ್ದೆಲ್ಲ ನೀರಿನೊಳಗೆ ತೆಗೆದಂತೆ ಕಲಸಿಕೊಂಡಿರುತ್ತದೆ. ಆದರೆ ಐದಾರು ಮೀಟರ್ ದೂರದಿಂದ ತೆಗೆಯುವವರಿಗೆ ಆ ನಡುಕದ ಕಾಟವಿಲ್ಲ. ಬೋಳು ಬಿಸಿಲಿನಲ್ಲಿ ಚರ್ಮದ ಬಿರುಕು, ಕೆಸರಿನ ಹಕ್ಕಳೆ, ಕೊಂಬಿನ ಬುಡದ ಸೀಳುಗಳ ಸಮೀಪಚಿತ್ರಗಳು ಬೆಳಗಿನದಕ್ಕಿಂತ ಚೆನ್ನಾಗಿ ಬರುವುದನ್ನು ಕಂಡಿದ್ದೇನೆ.

ಬಣ್ಣದ ಬಗ್ಗೆ ಒಂದು ಮಾತು. ಬಿಳಿ ಘೇಂಡಾಮೃಗ ಬಿಳಿಯಲ್ಲ, ಕಪ್ಪು ಘೇಂಡಾಮೃಗ ಕಪ್ಪಲ್ಲ. ಎರಡೂ ಬೂದಿಯ ಬಣ್ಣದವು, ಅದರ ಮೇಲೆ ತಾವು ಹೊರಳಿದ ಕೆಸರಿನ ಬಣ್ಣವನ್ನು ಹೊದ್ದುಕೊಂಡವು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಜಗತ್ತನ್ನೆಲ್ಲ ನಡುಬೂದು ಎಂದು ಭಾವಿಸಿ ಲೆಕ್ಕ ಹಾಕುವುದರಿಂದ, ಒಣಗಿದ ಮೈಯ ಘೇಂಡಾಮೃಗ ಚೌಕಟ್ಟು ತುಂಬಿದಾಗ ಮೀಟರ್ ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಹಸಿ ಕೆಸರು ಮೆತ್ತಿಕೊಂಡು ಬಂದ ಪ್ರಾಣಿಯನ್ನು ಮೀಟರ್ ಅನಗತ್ಯವಾಗಿ ಬೆಳ್ಳಗೆ ಮಾಡುತ್ತದೆ. ಅಲ್ಲಿ ಎಕ್ಸ್‌ಪೋಷರನ್ನು ಅರ್ಧ ಅಥವಾ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಕಡಿಮೆ ಮಾಡಬೇಕು. ಒಣಹುಲ್ಲಿನ ಹೊಂಬಣ್ಣದ ಬಯಲು ಚೌಕಟ್ಟಿನ ಬಹುಪಾಲನ್ನು ಆಕ್ರಮಿಸಿ ಪ್ರಾಣಿ ಚಿಕ್ಕದಾಗಿದ್ದಾಗ ಇದರ ತಿರುಗುಮುರುಗು.

ಹತ್ತಿರದ ಲೆಕ್ಕ

ಐದು ಮೀಟರ್ ದೂರದಲ್ಲಿ ನಿಂತ ಘೇಂಡಾಮೃಗ ನಿಮ್ಮತ್ತ ಮುಖ ಮಾಡಿದೆ ಎಂದುಕೊಳ್ಳಿ. ಮುಂಗೊಂಬಿನ ತುದಿಯಿಂದ ಕಿವಿಯ ಹಿಂಭಾಗದವರೆಗೆ ಹೆಚ್ಚುಕಡಿಮೆ ಒಂದು ಮೀಟರ್ ಆಳವಿದೆ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 200 ಮಿ.ಮೀ. ಲೆನ್ಸನ್ನು ಎಫ್ 4ರಲ್ಲಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು) ತೆರೆದು ತೆಗೆದರೆ ಆ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಪಟ್ಟಿ ಸುಮಾರು 15 ಸೆಂ.ಮೀ. ಮಾತ್ರ, ಕೊಂಬಿನ ತುದಿ ನಿಖರವಾಗಿದ್ದರೆ ಮುಖವೆಲ್ಲ ಮಂಜು. ಅದೇ ಜಾಗದಿಂದ 100 ಮಿ.ಮೀ. ಮತ್ತು ಎಫ್ 8ರಲ್ಲಿ ತೆಗೆದರೆ ಆ ಪಟ್ಟಿ ಸುಮಾರು 1.2 ಮೀಟರಿಗೆ ಬೆಳೆದು ಇಡೀ ತಲೆಯನ್ನು ಒಳಗೊಳ್ಳುತ್ತದೆ. ಹಿನ್ನೆಲೆ ಮಸುಕಾಗಲಿ ಎಂದು ಅಪರ್ಚರನ್ನು, ಅಂದರೆ ಆ ಕಿಂಡಿಯನ್ನು, ಪೂರ್ತಿ ತೆರೆದಿಡುವ ರೂಢಿಯನ್ನು ಇಲ್ಲಿ ಬಿಡಲೇಬೇಕು. ಎಫ್ 8ರಿಂದ ಎಫ್ 11ರವರೆಗೆ ಧೈರ್ಯವಾಗಿ ಮುಚ್ಚಿ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒವನ್ನು 800 ಅಥವಾ 1600ಕ್ಕೆ ಏರಿಸಿಕೊಳ್ಳಿ. ಈಗಿನ ಕ್ಯಾಮೆರಾಗಳಲ್ಲಿ ಅದರಿಂದ ಬರುವ ನಾಯ್ಸ್ ಎಂಬ ಕಾಳುಕಾಳು ಚುಕ್ಕೆ ಘೇಂಡಾಮೃಗದ ಒರಟು ಚರ್ಮದ ಮೇಲೆ ಕಾಣುವುದೇ ಇಲ್ಲ.

ಅಗಲ ಲೆನ್ಸಿನ ಕಡೆಗೆ ಹೊರಳಿದವರಿಗೆ ಇನ್ನೊಂದು ಹಳ್ಳ ಕಾದಿದೆ. ಎರಡು ಮೀಟರ್ ದೂರದಿಂದ 24 ಮಿ.ಮೀ.ನಲ್ಲಿ ತೆಗೆದ ಮುಖದಲ್ಲಿ ಮೂತಿ ಬುಟ್ಟಿಯಷ್ಟಾಗಿ, ಕಿವಿಗಳು ಹುಣಸೆಬೀಜದಷ್ಟಾಗಿ, ಪ್ರಾಣಿ ಗೇಲಿಚಿತ್ರದಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು 70 ಮಿ.ಮೀ.ಗೆ ಬಂದರೆ ಮುಖದ ಪ್ರಮಾಣ ಸರಿಹೋಗುತ್ತದೆ. ಅಗಲ ಲೆನ್ಸನ್ನು ಪ್ರಾಣಿ, ಕೀಪರ್, ಬೇಲಿ, ಆಕಾಶ ಎಲ್ಲವೂ ಒಟ್ಟಿಗೆ ಬೇಕಾದ ಚಿತ್ರಕ್ಕೆ ಮೀಸಲಿಡಿ. ಫೋನಿನಲ್ಲಿ ತೆಗೆಯುವವರಿಗೂ ಇದೇ ಮಾತು: ಮುಖ್ಯ ಲೆನ್ಸಿನ ಬದಲು ಎರಡರಷ್ಟು ಜೂಮ್ ಬಳಸಿ, ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡನ್ನು ಆಫ್ ಮಾಡಿಬಿಡಿ, ಕಿವಿಯಂಚಿನ ಕೂದಲನ್ನೂ ಕೊಂಬಿನ ತುದಿಯನ್ನೂ ಅದು ಹಿನ್ನೆಲೆಯೆಂದು ತಿಳಿದು ಒರೆಸಿಹಾಕುತ್ತದೆ.

ಫೋಕಸ್ ಎಲ್ಲಿಡಬೇಕು ಎಂಬುದು ಈ ಪ್ರಾಣಿಯ ಮಟ್ಟಿಗೆ ನಿಜವಾದ ಪ್ರಶ್ನೆ. ಕಣ್ಣಿಗೆ ಫೋಕಸ್ ಮಾಡಿ ಎಂದು ಎಲ್ಲ ಪಾಠಗಳೂ ಹೇಳುತ್ತವೆ, ಹೊಸ ಕ್ಯಾಮೆರಾಗಳು ಪ್ರಾಣಿಯ ಕಣ್ಣನ್ನು ತಾವೇ ಹುಡುಕುತ್ತವೆ. ಘೇಂಡಾಮೃಗದ ಕಣ್ಣು ಆರೋಗ್ಯವಾಗಿದ್ದಾಗಲೂ ಚಿಕ್ಕದು, ಸುಕ್ಕುಗಳ ನಡುವೆ ಹುದುಗಿದ್ದು. ಬರಾಕಾನ ವಿಷಯದಲ್ಲಂತೂ ಕ್ಯಾಮೆರಾ ಕಣ್ಣನ್ನು ಹುಡುಕುತ್ತಾ ಕೆಸರಿನ ಚುಕ್ಕೆಯಿಂದ ಕೆಸರಿನ ಚುಕ್ಕೆಗೆ ಅಲೆಯುತ್ತಿತ್ತು. ಕಣ್ಣು ಹುಡುಕುವ ಸೌಲಭ್ಯವನ್ನು ಆಫ್ ಮಾಡಿ, ಒಂದೇ ಬಿಂದುವಿನ ಫೋಕಸ್ಸಿಗೆ ಬಂದು, ಅದನ್ನು ಕಿವಿಯಂಚಿನ ಕೂದಲಿನ ಮೇಲೆ ಇಟ್ಟೆ. ಆ ಪ್ರಾಣಿ ಜಗತ್ತನ್ನು ನೋಡುತ್ತಿದ್ದದ್ದು ಕಿವಿಯಿಂದ. ಅದರ ಮುಖಭಾವವೆಲ್ಲ ಅಲ್ಲಿಯೇ ಇತ್ತು. ಕಿವಿ ಸ್ಪಷ್ಟವಾಗಿದ್ದು ಮೂತಿ ತುಸು ಮಸುಕಾದ ಚಿತ್ರವೇ, ಮೂತಿ ಸ್ಪಷ್ಟವಾಗಿದ್ದು ಕಿವಿ ಮಸುಕಾದ ಚಿತ್ರಕ್ಕಿಂತ, ನನಗೆ ಇಂದಿಗೂ ಹೆಚ್ಚು ಒಪ್ಪುತ್ತದೆ.

ಅಟ್ಟಣೆಯ ಮೇಲಿಂದ ಕೆಳಮುಖವಾಗಿ ತೆಗೆದರೆ ಟನ್ ತೂಗುವ ಪ್ರಾಣಿಯೂ ಮಣ್ಣಿನ ಗುಡ್ಡೆಯಂತೆ ಚಪ್ಪಟೆಯಾಗುತ್ತದೆ. ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕ್ಯಾಮೆರಾದ ಹಿಂಬದಿಯ ಪರದೆಯನ್ನು ಮೇಲಕ್ಕೆ ತಿರುಗಿಸಿಕೊಂಡು, ಅಡ್ಡಗಂಬಿಗಳ ನಡುವಿನಿಂದ ಪ್ರಾಣಿಯ ತಲೆಯ ಮಟ್ಟಕ್ಕೆ ಕ್ಯಾಮೆರಾವನ್ನು ಇಳಿಸಿ ಹಿಡಿದರೆ ಅದರ ಗಾತ್ರ ಚಿತ್ರಕ್ಕೆ ಮರಳುತ್ತದೆ. ಕೊರಳಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿರಬೇಕು. ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳಲು ನೀವು ಇಳಿಯುವಂತಿಲ್ಲ.

ಮೇವು ಕೊಡುವ ಗಳಿಗೆ ಈ ಭೇಟಿಯ ಅತ್ಯಂತ ಸಂಪನ್ನ ಗಳಿಗೆ. ಕೀಪರ್ ಮೇವಿನ ಕಂತೆಯನ್ನು ಚಾಚಿದಾಗ ಬರಾಕಾ ಮೊದಲು ಉಸಿರೆಳೆದುಕೊಂಡಿತು, ಮೂಗಿನ ಹೊಳ್ಳೆ ಅರಳಿತು, ಆಮೇಲೆ ಮೇಲ್ದುಟಿಯ ಚೂಪು ಗಾಳಿಯಲ್ಲಿ ತಡಕಾಡಿ ಕಂತೆಯ ಅಂಚನ್ನು ಮುಟ್ಟಿ, ಎಷ್ಟೋ ಹಗುರವಾಗಿ ಒಂದೇ ಒಂದು ದಂಟನ್ನು ಸುತ್ತಿ ಎಳೆದುಕೊಂಡಿತು. ಆ ತುಟಿ ಮತ್ತು ಕೀಪರ್‌ನ ಬೆರಳುಗಳ ನಡುವೆ ನಾಲ್ಕು ಅಂಗುಲ ದೂರವಿತ್ತು. ಇಂಥ ಚಿತ್ರಕ್ಕೆ ಸೆಕೆಂಡಿನ 500ನೇ ಒಂದು ಭಾಗದ ಶಟರ್ ಸಾಕು. ಕಿವಿಯ ಹೊರಳುವಿಕೆಯನ್ನೂ ಹಿಡಿಯಬೇಕೆಂದರೆ 1,000ನೇ ಒಂದು ಭಾಗಕ್ಕೆ ಏರಿಸಿ. ನಿಮಗೇ ಮೇವು ಕೊಡುವ ಅವಕಾಶ ಸಿಕ್ಕರೆ ಕ್ಯಾಮೆರಾವನ್ನು ಜೊತೆಯವರ ಕೈಗೆ ಕೊಡಿ. ಒಂದು ಕೈಯಲ್ಲಿ ಮೇವು, ಇನ್ನೊಂದರಲ್ಲಿ ಫೋನು ಹಿಡಿದು ತೆಗೆದ ಚಿತ್ರ ಚೆನ್ನಾಗಿ ಬಂದದ್ದನ್ನು ನಾನು ಈವರೆಗೆ ನೋಡಿಲ್ಲ.

ಕೇಳಿಸಿಕೊಳ್ಳುವ ಪ್ರಾಣಿಯ ಮುಂದೆ

ಘೇಂಡಾಮೃಗಕ್ಕೆ ದೃಷ್ಟಿ ಮಂದ, ಮೂಗು ಮತ್ತು ಕಿವಿ ಬಲು ಚುರುಕು. ಎರಡು ಕಿವಿಗಳನ್ನೂ ಬೇರೆಬೇರೆ ದಿಕ್ಕಿಗೆ ಹೊರಳಿಸಿ ಅದು ಸುತ್ತಲಿನ ಸದ್ದನ್ನು ಶೋಧಿಸುತ್ತಲೇ ಇರುತ್ತದೆ. ಬೆನ್ನ ಮೇಲೆ ಕೂತು ಉಣ್ಣಿಹುಳು ಹೆಕ್ಕುವ ಕೆಂಪು ಕೊಕ್ಕಿನ ಹಕ್ಕಿಗೆ ಸ್ವಾಹಿಲಿಯಲ್ಲಿ ‘ಘೇಂಡಾಮೃಗದ ಕಾವಲುಗಾರ’ ಎಂಬರ್ಥದ ಹೆಸರಿದೆ. ಮನುಷ್ಯರು ಸಮೀಪಿಸಿದಾಗ ಆ ಹಕ್ಕಿಯ ಎಚ್ಚರಿಕೆಯ ಕೂಗನ್ನು ಕೇಳಿ ಕಪ್ಪು ಘೇಂಡಾಮೃಗಗಳು ಜಾಗೃತವಾಗುವುದನ್ನು ಸಂಶೋಧಕರೂ ಗುರುತಿಸಿದ್ದಾರೆ. ಹಕ್ಕಿ ಚಟ್ಟನೆ ಹಾರಿತೆಂದರೆ ನಿಮ್ಮ ಬೆರಳು ಶಟರಿನ ಮೇಲಿರಲಿ, ಮರುಗಳಿಗೆಯಲ್ಲೇ ತಲೆ ಮೇಲೇಳುತ್ತದೆ.

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಿಬಿಡುವುದು ಮೇಲು. ಲೆನ್ಸ್ ಬದಲಿಸಿಕೊಂಡು ಕೊನೆಗೂ ಬರಾಕಾನ ಮುಖ ಚೌಕಟ್ಟಿಗೆ ಬಂದ ಸಂಭ್ರಮದಲ್ಲಿ, ಒಳಗೆ ಕನ್ನಡಿಯಿರುವ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಒಂದೇ ಏಟಿಗೆ ಹತ್ತಾರು ಚಿತ್ರ ತೆಗೆಯುವ ಬರ್ಸ್ಟ್ ಒತ್ತಿದೆ. ಕನ್ನಡಿಯ ಪಟಪಟ ಸದ್ದಿಗೆ ಅದರ ಎರಡೂ ಕಿವಿ ನನ್ನತ್ತ ಈಟಿಯಂತೆ ತಿರುಗಿದವು, ಮೇವು ಬಾಯಲ್ಲೇ ನಿಂತಿತು, ಮತ್ತು ಒಂದು ಟನ್ನಿನ ಮೈ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಕೀಪರ್ ನನ್ನನ್ನು ಗದರಲಿಲ್ಲ. ‘ಪೊಲೆ ಪೊಲೆ’, ಅಂದರೆ ನಿಧಾನ ನಿಧಾನ, ಎಂದಷ್ಟೇ ಹೇಳಿ, ಪ್ರಾಣಿಯೊಡನೆ ತಗ್ಗಿದ ದನಿಯಲ್ಲಿ ಮಾತಾಡುತ್ತಾ ನಿಂತರು. ಅದು ಮತ್ತೆ ಮೇವಿಗೆ ಬಾಯಿ ಹಾಕಲು ಐದು ನಿಮಿಷ ಹಿಡಿಯಿತು. ಕಣ್ಣಿರುವ ಪ್ರಾಣಿಗೆ ಸದ್ದಿನ ಮೂಲ ಯಾವುದೆಂದು ನೋಡಿ ತಿಳಿದುಕೊಳ್ಳುವ ಅವಕಾಶವಿದೆ. ಕುರುಡು ಪ್ರಾಣಿಗೆ ಸದ್ದೆಂದರೆ ಬರೀ ಸದ್ದು.

ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಳ್ಳಬೇಕು. ಹಳೆಯ ಕ್ಯಾಮೆರಾಗಳಲ್ಲಿರುವ ಕ್ವಾಯೆಟ್ ಮೋಡ್ ಕೂಡ ಸದ್ದನ್ನು ಸಾಕಷ್ಟು ತಗ್ಗಿಸುತ್ತದೆ. ಫೋಕಸ್ ಆದಾಗ ಬರುವ ಬೀಪ್ ಸದ್ದನ್ನೂ, ಫೋನಿನ ಕ್ಲಿಕ್ ಸದ್ದನ್ನೂ ಹೊರಡುವ ಮುಂಚೆಯೇ ಆರಿಸಿಡಬೇಕು. ಒಂದೊಂದೇ ಚಿತ್ರ ತೆಗೆದು, ನಡುವೆ ಕಿವಿಗಳನ್ನು ಗಮನಿಸಬೇಕು. ಫ್ಲಾಷ್ ಯಾವ ಕಾರಣಕ್ಕೂ ಬೇಡ. ಚೀಲದ ವೆಲ್ಕ್ರೋ ಪಟ್ಟಿಯನ್ನು ಪ್ರಾಣಿ ಬರುವ ಮುಂಚೆಯೇ ತೆರೆದಿಡಿ. ಆ ಪರ್‍ರ್ ಸದ್ದು ಶಟರಿಗಿಂತ ಕೆಟ್ಟದ್ದು. ಸುಗಂಧದ್ರವ್ಯ ಹಚ್ಚಿಕೊಂಡು ಹೋಗದಿರುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ನಜಿನ್ ಮತ್ತು ಫಾಟುವಿನ ಆವರಣದಲ್ಲಿ ವಾಹನ ನಿಂತ ಕೂಡಲೇ ಎಂಜಿನ್ ಆರಿಸಲು ಚಾಲಕರನ್ನು ಕೇಳಿಕೊಳ್ಳಿ, ಸದ್ದಿಗೂ ಹೌದು, ಎಂಜಿನ್ನಿನ ಕಂಪನ ಕಿಟಕಿಯ ಮೇಲಿಟ್ಟ ಕ್ಯಾಮೆರಾಕ್ಕೆ ತಾಗದಿರಲೂ ಹೌದು. ಅವು ತಲೆ ಎತ್ತಲಿ ಎಂದು ಸಿಳ್ಳೆ ಹೊಡೆಯುವವರನ್ನು, ಬಾಗಿಲು ತಟ್ಟುವವರನ್ನು ನೋಡಿದ್ದೇನೆ. ಹಾಗೆ ಎತ್ತಿಸಿದ ತಲೆಯಲ್ಲಿ ಗಾಬರಿ ಇರುತ್ತದೆ, ಅದು ಚಿತ್ರದಲ್ಲಿಯೂ ಬೀಳುತ್ತದೆ. ಮೇಯುತ್ತಾ ಹುಲ್ಲಿನ ಒಂದು ಪಟ್ಟಿ ಮುಗಿದಾಗ ಅವು ತಾವಾಗಿಯೇ ತಲೆ ಎತ್ತಿ, ಎರಡು ಹೆಜ್ಜೆ ನಡೆದು, ಮತ್ತೆ ತಗ್ಗಿಸುತ್ತವೆ. ಆ ಲಯ ಹತ್ತು ನಿಮಿಷ ನೋಡಿದರೆ ಸಿಕ್ಕಿಬಿಡುತ್ತದೆ. ವಾಹನದಿಂದ ಇಳಿಯುವುದು, ಹತ್ತಿರ ಹೋಗುವುದು, ಮುಟ್ಟುವುದು ಎಲ್ಲವೂ ಕೀಪರ್ ಹೇಳಿದಂತೆ, ಅವರು ಹೇಳಿದಾಗ ಮಾತ್ರ. ಸಾಧುವಾಗಿ ಕಂಡರೂ ಇವು ಕೊಟ್ಟಿಗೆಯ ಎಮ್ಮೆಗಳಲ್ಲ.

ಆ ಹಿಂಡಿನಲ್ಲಿ ಜೊತೆಗಾಗಿ ದಕ್ಷಿಣದ ಬಿಳಿ ಘೇಂಡಾಮೃಗವೂ ಇರಬಹುದಾದ್ದರಿಂದ ಯಾವುದು ಯಾವುದೆಂದು ಮರೆಯದಂತೆ ಒಂದು ಸುಲಭ ಉಪಾಯ ಮಾಡಿ: ಪ್ರಾಣಿಯ ಹೆಸರನ್ನು ಕೀಪರ್ ಹೇಳಿದ ತಕ್ಷಣ ಟಿಪ್ಪಣಿ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಆ ಹಾಳೆಯ ಒಂದು ಚಿತ್ರ ತೆಗೆಯಿರಿ. ಊರಿಗೆ ಮರಳಿದ ಮೇಲೆ ಸಾವಿರ ಚಿತ್ರಗಳ ನಡುವೆ ಆ ಹಾಳೆಗಳೇ ಮೈಲಿಗಲ್ಲಾಗುತ್ತವೆ. ಫಾಟುವಿನ ಚಿತ್ರಕ್ಕೆ ನಜಿನ್ ಎಂದು ಹೆಸರು ಹಾಕುವುದು, ಜಗತ್ತಿನಲ್ಲಿ ಎರಡೇ ಇರುವ ಪ್ರಾಣಿಗಳ ವಿಷಯದಲ್ಲಿ, ಸಣ್ಣ ತಪ್ಪಲ್ಲ.

ಬೇಲಿಯನ್ನು ಕತ್ತರಿಸದಿರಿ

ಈ ಪ್ರಾಣಿಗಳ ಚಿತ್ರದಲ್ಲಿ ಬೇಲಿ, ಕೀಪರ್‌ನ ಹಸಿರು ಅಂಗಿ, ಮೇವಿನ ಕಂತೆ, ದೂರದಲ್ಲಿ ಬಂದೂಕು ಹಿಡಿದ ಕಾವಲುಗಾರ ಇವೆಲ್ಲ ಬಂದೇ ಬರುತ್ತವೆ. ಅವನ್ನು ತಪ್ಪಿಸಿ, ಪ್ರಾಣಿ ಘೋರಾರಣ್ಯದಲ್ಲಿ ಒಂಟಿಯಾಗಿ ನಿಂತಂತೆ ತೋರಿಸುವ ಚಿತ್ರಕ್ಕಾಗಿ ಎಲ್ಲರೂ ಹೆಣಗುತ್ತಾರೆ. ಅಂಥದ್ದೊಂದು ತೆಗೆಯಿರಿ, ಬೇಡವೆನ್ನುವುದಿಲ್ಲ; ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನೀವು ಅಷ್ಟು ಹತ್ತಿರ ಹೇಗೆ ಹೋದಿರಿ ಎಂಬ ಕಥೆಯೇ ಚಿತ್ರದಿಂದ ಬಿದ್ದುಹೋಗುತ್ತದೆ. 1970ರ ಸುಮಾರಿಗೆ ಆಫ್ರಿಕಾದಲ್ಲಿ 65,000ದಷ್ಟಿದ್ದ ಕಪ್ಪು ಘೇಂಡಾಮೃಗಗಳು 1990ರ ದಶಕದ ನಡುಭಾಗಕ್ಕೆ 2,500ಕ್ಕಿಂತ ಕೆಳಗಿಳಿದವು. ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಲೇ ಆದ ಕೊಂಬಿಗಾಗಿ ನಡೆದ ಕೊಲೆಗಳು ಅದಕ್ಕೆ ದೊಡ್ಡ ಕಾರಣ. ಕಳ್ಳಬೇಟೆಗೆ ಬಲಿಯಾದವುಗಳ ನೆನಪಿಗೆ ಧಾಮದಲ್ಲಿ ಒಂಟಿ ಮರವೊಂದರ ಸುತ್ತ ಫಲಕಗಳನ್ನು ನಿಲ್ಲಿಸಿದ್ದಾರೆ. ಅಲ್ಲಿಗೆ ಹೋಗಿ, ಸಾಧ್ಯವಾದರೆ ಇಳಿಬಿಸಿಲಿನಲ್ಲಿ, ಫಲಕಗಳ ಅಕ್ಷರ ಓದಲು ಬರುವಂತೆ ಒಂದು ಚಿತ್ರ ತೆಗೆದುಕೊಳ್ಳಿ. ಬಂದೂಕು ಹಿಡಿದ ಕಾವಲುಗಾರನ ಚಿತ್ರಕ್ಕೆ ಅದು ಜೋಡಿ.

ಕೊಂಬಿನ ತುದಿಯನ್ನು ಕತ್ತರಿಸಿರುವ ಪ್ರಾಣಿ ಸಿಕ್ಕರೆ ಆ ಕತ್ತರಿಸಿದ ಭಾಗವನ್ನು ಮರೆಮಾಡುವ ಕೋನ ಹುಡುಕಬೇಡಿ, ಕಂಪ್ಯೂಟರಿನಲ್ಲಿ ಕೊಂಬನ್ನು ಬೆಳೆಸಲಂತೂ ಬೇಡ. ಬೇಟೆಗಾರನಿಗೆ ಲಾಭವಿಲ್ಲದಂತೆ ಮಾಡಲು ಕೊಂಬು ಕತ್ತರಿಸುವ ಕ್ರಮವಿದೆ. ಉಗುರಿನಂತೆ ಅದು ಮತ್ತೆ ಬೆಳೆಯುತ್ತದೆ. ಕುರುಡು ಕಣ್ಣಿನ ಚಿತ್ರ ತೆಗೆಯುವಾಗಲೂ ಹಾಗೆಯೇ: ಪಕ್ಕದಿಂದ, ಸಾದಾ ಬೆಳಕಿನಲ್ಲಿ, ಇದ್ದದ್ದು ಇದ್ದಂತೆ.

ಕೀಪರ್‌ಗಳ ಚಿತ್ರ ತೆಗೆಯುವ ಮುಂಚೆ ಕೇಳಿ. ‘ನವೇಜಾ ಕುಪಿಗಾ ಪಿಚಾ?’ ಎಂದರೆ ಸ್ವಾಹಿಲಿಯಲ್ಲಿ ಚಿತ್ರ ತೆಗೆಯಬಹುದೇ ಎಂದರ್ಥ. ‘ಅಸಾಂತೆ’ ಎಂದರೆ ಧನ್ಯವಾದ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ, ಆದರೂ ಈ ಎರಡು ಮಾತಿಗೆ ಮುಖ ಅರಳುತ್ತದೆ. ಕಾವಲುಗಾರರಲ್ಲಿ ಕೆಲವರು ಮುಖ ತೋರಿಸಲು ಒಪ್ಪದಿರಬಹುದು. ಬೇಟೆಗಾರರ ಕಣ್ಣಿಗೆ ಬೀಳುವ ಕೆಲಸ ಅವರದು, ಬಲವಂತ ಮಾಡಬಾರದು.

ಊರಿಗೆ ಬಂದು ಚಿತ್ರಗಳನ್ನು ಹಂಚಿಕೊಳ್ಳುವ ಮುಂಚೆ ಅವುಗಳೊಳಗೆ ಅಡಗಿರುವ ಜಿಪಿಎಸ್ ಮಾಹಿತಿಯನ್ನು ಅಳಿಸಿ. ಫೋನಿನ ಲೊಕೇಶನ್ ಸೌಲಭ್ಯವನ್ನು ಗೇಟಿನಲ್ಲೇ ಆರಿಸಿದ್ದರೆ ಇನ್ನೂ ಒಳ್ಳೆಯದು. ಆವರಣದಲ್ಲಿರುವ ಪ್ರಾಣಿಗಳ ಜಾಗ ಗುಟ್ಟೇನಲ್ಲ, ಆದರೆ ಅದೇ ಕಾರ್ಡಿನಲ್ಲಿ ಬಯಲಿನ ಕಾಡು ಘೇಂಡಾಮೃಗಗಳ ಚಿತ್ರಗಳೂ ಇರುತ್ತವೆ, ಅವು ಯಾವ ಹಳ್ಳದ ಬಳಿ ಎಷ್ಟು ಹೊತ್ತಿಗೆ ನೀರಿಗೆ ಬಂದವೆಂಬುದನ್ನು ಚಿತ್ರದ ಕಡತ ಯಾರಿಗೆ ಬೇಕಾದರೂ ಹೇಳಿಬಿಡುತ್ತದೆ.

ಅಡಿಬರಹ ಬರೆಯುವಾಗ ಪ್ರಾಣಿಯ ಹೆಸರು, ಅದು ಯಾವ ಜಾತಿಯದು, ಆವರಣದಲ್ಲಿದೆಯೋ ಬಯಲಿನಲ್ಲಿದೆಯೋ, ಇಲ್ಲಿಗೆ ಏಕೆ ಬಂತು ಎಂಬ ನಾಲ್ಕು ಸಂಗತಿ ಇರಲಿ. ನನ್ನ ಚಿತ್ರದ ಕೆಳಗೆ ನಾನು ಬರೆದದ್ದು ಇಷ್ಟು: ‘ಬರಾಕಾ, ಕಪ್ಪು ಘೇಂಡಾಮೃಗ, ಓಲ್ ಪೆಜೆಟಾ, ಕೀನ್ಯಾ. ಎರಡೂ ಕಣ್ಣು ಕಳೆದುಕೊಂಡ ಮೇಲೆ 100 ಎಕರೆಯ ಆವರಣದಲ್ಲಿ ಇರಿಸಿ ನೋಡಿಕೊಂಡದ್ದು. ಮೇವು ಹಿಡಿದಿರುವುದು ಅದರ ಕೀಪರ್‌ನ ಕೈ.’ ಒಂದು ಪತ್ರಿಕೆಯವರು ಚಿತ್ರ ಕೇಳಿದರು, ಕೈಯನ್ನೂ ಅಡ್ಡಗಂಬಿಯನ್ನೂ ಕತ್ತರಿಸಿ ಕಳುಹಿಸಿದರೆ ಮುಖಪುಟಕ್ಕೆ ಹಾಕುತ್ತೇವೆಂದರು. ನಾನು ಕತ್ತರಿಸಿ ಕೊಡಲಿಲ್ಲ. ಅವರು ಅದನ್ನು ಒಳಪುಟದಲ್ಲಿ, ಅಂಗೈಯಗಲದ ಜಾಗದಲ್ಲಿ, ಕೈಸಮೇತ ಅಚ್ಚು ಹಾಕಿದರು.